ಎರಡು ವರ್ಷದ ಓದು ವ್ಯರ್ಥವಾಗಕೂಡದು

ಔರಾದ ತಾಲೂಕಿನಲ್ಲಿ ಪದವಿ ಕಾಲೇಜನ್ನು ಸೇರಿ, ಎರಡು ವರ್ಷ ಓದಿ, ಮೂರನೆಯ ವರ್ಷಕ್ಕೆ ಮುಂಚೆಯೇ ಬಿಟ್ಟುಹೋಗುವ ತರುಣ ತರುಣಿಯರು ಇಲ್ಲದಿಲ್ಲ. ಮಳೆ ಕೈಕೊಟ್ಟ ವರ್ಷ ಮಗನು ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗುವನು; ಮಗಳು ಲಗ್ನವಾಗಿ ಬೇರೆ ಊರು ಸೇರುವಳು. ಇಂಥವರಿಗೆ ಮನೆಯಲ್ಲಿ ಕುಳಿತು ಆನ್‌ಲೈನ್ ಪದವಿಯನ್ನು ಪೂರೈಸುವ ಮಾರ್ಗವು ಇಂದು ಉಂಟು. ಆದರೆ ಹಿಂದೆ ಓದಿದ ಎರಡು ವರ್ಷಗಳು ಹೊಸ ವಿಶ್ವವಿದ್ಯಾಲಯದ ಲೆಕ್ಕಕ್ಕೆ ಬರುವವೋ, ಇಲ್ಲ ಮೊದಲಿನಿಂದ ಆರಂಭಿಸಬೇಕೋ? ಬಡವರ ಮನೆಯ ಹಣವೂ ವಯಸ್ಸೂ ಈ ಪ್ರಶ್ನೆಯಲ್ಲಿ ಅಡಗಿರುವುದರಿಂದ ಇದನ್ನು ಕುರಿತು ನಾಲ್ಕು ಮಾತು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಆನ್‌ಲೈನ್ ಪದವಿಯು ಕೀಳೆಂಬ ಭಾವನೆ ಕೆಲವು ಕಚೇರಿಗಳಲ್ಲಿ ಇನ್ನೂ ಉಳಿದಿದೆ. ಇದು ಸರಿಯಲ್ಲ. ಮಾನ್ಯತೆ ಪಡೆದ ಆನ್‌ಲೈನ್ ಪದವಿಯು ಕಾಲೇಜಿನ ಪದವಿಗೆ ಸಮಾನವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2020ರ ನಿಯಮಾವಳಿಯಲ್ಲಿ ವಿಧಿಸಿ, 2022ರ ಸೆಪ್ಟೆಂಬರಿನಲ್ಲಿ ಪುನಃ ಸಾರಿ ಹೇಳಿರುವುದು. ವೈದ್ಯ, ಎಂಜಿನಿಯರಿಂಗ್, ಕಾನೂನು ಮೊದಲಾದ ವಿಷಯಗಳಿಗೆ ಮಾತ್ರ ಈ ಅನುಕೂಲವಿಲ್ಲ.

ತೊಡಕು ಇರುವುದು ವರ್ಗಾವಣೆಯಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಎರಡು ವರ್ಷ ಓದಿ ಬಿಟ್ಟವನಿಗೂ ಡಿಪ್ಲೊಮಾ ದೊರೆಯಬೇಕೆಂದಿತು. ಓದಿದ್ದನ್ನು ಕ್ರೆಡಿಟ್‌ಗಳಾಗಿ ಜಮಾ ಮಾಡಿಡುವ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕು 2021ರಲ್ಲಿ ಆರಂಭವಾಯಿತು. ಆದರೆ ಪದವಿ ಕೊಡುವ ಸಂಸ್ಥೆಯಲ್ಲಿಯೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಬೇಕೆಂದು, ಜಮಾ ಆದ ಕ್ರೆಡಿಟ್ ಹೆಚ್ಚೆಂದರೆ ಏಳು ವರ್ಷ ಬಾಳುವುದೆಂದು ಅದೇ ವರ್ಷದ ನಿಯಮಾವಳಿಯು ವಿಧಿಸಿತು. ಓದುಗರು ಲೆಕ್ಕ ಹಾಕಿ ನೋಡಲಿ. ಮೂರು ವರ್ಷಕ್ಕೆ 120 ಕ್ರೆಡಿಟ್ ಎಂದಿಟ್ಟುಕೊಂಡರೆ, ಎರಡು ವರ್ಷದಲ್ಲಿ ವಿದ್ಯಾರ್ಥಿಯು ಗಳಿಸುವುದು 80. ಬೇರೆಡೆಗೆ ಒಯ್ಯಬಹುದಾದದ್ದು 60. ಒಂದು ಸೆಮಿಸ್ಟರಿನ ಶ್ರಮವು ಅಲ್ಲಿಯೇ ಹೋಯಿತು. ಅಲ್ಲದೆ, ಹಳೆಯ ವಿಷಯಗಳು ಹೊಸ ಪಠ್ಯಕ್ರಮಕ್ಕೆ ಹೊಂದದಿದ್ದರೆ ನಷ್ಟವು ಇನ್ನೂ ಹೆಚ್ಚು. ಕರ್ನಾಟಕದಲ್ಲಂತೂ 2021ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷದ ಕ್ರಮವನ್ನು ಕೈಬಿಟ್ಟು 2024ರಲ್ಲಿ ಮೂರು ವರ್ಷದ ಪದವಿಗೆ ಮರಳಲಾಯಿತು. ಹೀಗಿರಲು, ಹಳ್ಳಿಯ ವಿದ್ಯಾರ್ಥಿಯು ತಾನು ಯಾವ ಕ್ರಮದಲ್ಲಿ ಓದಿದೆನೆಂಬುದನ್ನೇ ತಿಳಿಯದೆ ಕಂಗಾಲಾದರೆ ಅವನನ್ನು ದೂರುವಂತಿಲ್ಲ.

ಮಾನ್ಯತೆಯ ಮಾತು ಇನ್ನೂ ಗಂಭೀರವಾದದ್ದು. 1996ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ಸರಕಾರದ್ದೇ ಸಂಸ್ಥೆ. ಆದರೂ 2013–14ರಿಂದ ಅದಕ್ಕೆ ಮಾನ್ಯತೆ ಇಲ್ಲವೆಂದು ಆಯೋಗವು 2015ರಲ್ಲಿ ಪ್ರಕಟಿಸಿತು. 2018ರಲ್ಲಿ ಮಾನ್ಯತೆ ಮರಳಿ ದೊರೆಯಿತು ನಿಜ. ನಡುವೆ ಹಣ ತೆತ್ತು ಓದಿದವರು ಪಟ್ಟ ಬವಣೆಯನ್ನು ಯಾರು ತುಂಬಿಕೊಡುವರು? ಸರಕಾರದ ಸಂಸ್ಥೆಯ ಗತಿಯೇ ಹೀಗಾದ ಮೇಲೆ, ಜಾಹೀರಾತನ್ನು ನಂಬಿ ಖಾಸಗಿ ಸಂಸ್ಥೆಗಳಿಗೆ ಶುಲ್ಕ ಕಟ್ಟುವವರು ಎಷ್ಟು ಎಚ್ಚರದಿಂದ ಇರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಂವಿಧಾನದ 371ಜೆ ವಿಧಿಯ ಮೇರೆಗೆ ಈ ಭಾಗದ ಸಿ ವರ್ಗದ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಮೀಸಲು. ಪದವಿ ಬೇಡುವ ಹುದ್ದೆಗೆ ಅರೆ ಪದವಿಯಿಂದ ಪ್ರಯೋಜನವೇನು? ಬಹು ದಿನ ಹೋರಾಡಿ ಪಡೆದ ಹಕ್ಕನ್ನು ಒಂದು ವರ್ಷದ ಓದಿನ ಕೊರತೆಯಿಂದ ಕಳೆದುಕೊಳ್ಳುವುದು ನಾಡಿಗೇ ನಷ್ಟ.

ಆದುದರಿಂದ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಇಷ್ಟೇ: ಕಾಲೇಜು ಬಿಡುವ ಮುಂಚೆ ಅಂಕಪಟ್ಟಿ, ವರ್ಗಾವಣೆ ಪತ್ರ ಮತ್ತು ವಲಸೆ ಪ್ರಮಾಣಪತ್ರಗಳನ್ನು ಪಡೆಯಿರಿ, ಕ್ರೆಡಿಟ್‌ಗಳು ಬ್ಯಾಂಕಿನಲ್ಲಿ ಜಮಾ ಆಗಿವೆಯೇ ನೋಡಿರಿ, ಹೊಸ ಸಂಸ್ಥೆಯು ಆಯೋಗದ ಪಟ್ಟಿಯಲ್ಲಿ ಇರುವುದೇ ವಿಚಾರಿಸಿರಿ, ಎಷ್ಟು ಕ್ರೆಡಿಟ್ ಒಪ್ಪುವರೆಂಬುದನ್ನು ಬರಹದಲ್ಲಿ ಪಡೆಯದೆ ಒಂದು ರೂಪಾಯಿಯನ್ನೂ ಕಟ್ಟಬೇಡಿರಿ.

ಸರಕಾರದವರಲ್ಲಿ ನಮ್ಮ ಬೇಡಿಕೆಯೂ ಅಷ್ಟೇ ಸ್ಪಷ್ಟ. ಬೀದರ ವಿಶ್ವವಿದ್ಯಾಲಯವು 2023ರಲ್ಲಿ ಆರಂಭವಾಗುವ ಮುಂಚೆ ಓದಿದವರ ದಾಖಲೆಗಳು ಗುಲಬರ್ಗಾ ವಿಶ್ವವಿದ್ಯಾಲಯದವು. ರೈಲಿಲ್ಲದ ಔರಾದದಿಂದ ಒಂದು ಕಾಗದಕ್ಕಾಗಿ ಕಲಬುರಗಿಗೆ ಅಲೆಯುವುದು ಕೂಲಿಯವನಿಗೆ ಸಾಧ್ಯವೇ? ತಾಲೂಕಿನ ಸರಕಾರಿ ಕಾಲೇಜಿನಲ್ಲಿಯೇ ಅರ್ಜಿ ಪಡೆದು, ಗೊತ್ತಾದ ಅವಧಿಯೊಳಗೆ ದಾಖಲೆ ತರಿಸಿಕೊಡುವ ಏರ್ಪಾಡು ಆಗತಕ್ಕದ್ದು. ರಾಜ್ಯದ ವಿಶ್ವವಿದ್ಯಾಲಯಗಳಾದರೂ ಪರಸ್ಪರ ಯಾವ ವಿಷಯಕ್ಕೆ ಯಾವ ವಿಷಯ ಸಮವೆಂಬ ಪಟ್ಟಿಯನ್ನು ಪ್ರಕಟಿಸತಕ್ಕದ್ದು. ನಿಜಾಮರ ಆಳಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಸೀಮೆಯಿದು. ಇಲ್ಲಿ ಕನ್ನಡದಲ್ಲಿ ಎರಡು ವರ್ಷ ಓದಿದವರು ಮೂರನೆಯ ವರ್ಷವನ್ನೂ ಕನ್ನಡದಲ್ಲಿಯೇ ಪೂರೈಸುವಂತಾಗಬೇಕು. ಅಧಿಕಾರಿಗಳು ಮುಂದಿನ ಪ್ರವೇಶ ಕಾಲಕ್ಕೆ ಮುಂಚೆಯೇ ಈ ಕೆಲಸಕ್ಕೆ ಕೈಹಾಕುವರೆಂದು ನಂಬಿದ್ದೇವೆ.