ಬಾಟಲಿಯೊಳಗಿನ ಕಪ್ಪತಗುಡ್ಡ

ನಮ್ಮ ಕಾಕಾನ ಮನೆ ಶಿರಹಟ್ಟಿಯಲ್ಲಿ. ಹೋದ ವರ್ಷ ಒಂದು ಸಂಜೆ ನನ್ನ ಮೀಟಿಂಗ್ ನಡೆದಿರುವಾಗಲೇ ಫೋನ್ ಮಾಡಿದ. "ತಮ್ಮಾ, ಲಕ್ಷ್ಮೇಶ್ವರದಾಗ ಒಂದು ಜ್ಯೂಸ್ ಕೊಟ್ಟಾರ. ಅದ್ರಾಗ ಆ್ಯಂಟಿಆಕ್ಸಿಡೆಂಟ್ ಭಾಳ ಅದಾವಂತ, ರಕ್ತ ಸರಾಗ ಹರೀತೈತಂತ. ಕುಡೀಲೇನು?" ನಾನು ಮೈಕ್ ಮ್ಯೂಟ್ ಮಾಡಿ, "ಕುಡಿ ಕಾಕಾ, ಹಣ್ಣಿನ ರಸ ಅಲ್ಲೇನು, ಏನೂ ಆಗೂದಿಲ್ಲ" ಅಂದೆ. ಬಿಪಿ ಗುಳಿಗಿ ಬಿಟ್ಟು ಕುಡೀತೀಯೇನು ಅಂತ ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ.

ಅವನು ಗುಳಿಗಿ ಬಿಟ್ಟಿದ್ದ. ಮಾರಿದವರು "ಇಂಗ್ಲಿಷ್ ಗುಳಿಗಿ ರಕ್ತಾ ಕೆಡಸ್ತಾವ, ಇದು ಶುದ್ಧಿ ಮಾಡ್ತೈತಿ" ಅಂದಿದ್ದರಂತೆ. ಎರಡೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಚಹಾದ ಕಪ್ಪು ಕೈಯಿಂದ ಜಾರಿತು, ಬಾಯಿ ಓರೆಯಾಯಿತು. ಗದಗಿನ ಆಸ್ಪತ್ರೆಗೆ ಒಯ್ದಾಗ ಮೇಲಿನ ಬಿಪಿ 210 ಇತ್ತು. ಮೆದುಳಿಗೆ ಹೋಗುವ ಒಂದು ರಕ್ತನಾಳ ಕಟ್ಟಿಕೊಂಡಿತ್ತು. ಯಾವ ಬಾಟಲಿ ರಕ್ತ ಸರಾಗ ಹರಿಸುತ್ತೇನೆ ಅಂದಿತ್ತೋ, ಅದನ್ನ ದಿನಾ ಎರಡು ಹೊತ್ತು ತಪ್ಪದೆ ಕುಡಿದ ಮನುಷ್ಯನಿಗೆ.

ಬಾಟಲಿಯನ್ನ ನಾನು ಆಮೇಲೆ ನೋಡಿದೆ. ಬೆಲೆ ಸಾವಿರದ ಇನ್ನೂರು. ಲೇಬಲ್ ಮೇಲೆ ಹಸಿರು ಗುಡ್ಡದ ಚಿತ್ರ. ಕಪ್ಪತಗುಡ್ಡದ ಗಿಡಮೂಲಿಕೆ ಅಂತ ಹೇಳಿ ಮಾರಿದ್ದರಂತೆ, ಆದರೆ ಮುದ್ರಣದಲ್ಲಿ ಆ ಹೆಸರು ಎಲ್ಲೂ ಇಲ್ಲ. ಬಿಪಿ ಅನ್ನೋ ಶಬ್ದವೂ ಇಲ್ಲ. ರಕ್ತದೊತ್ತಡ ವಾಸಿಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನ 1954ರ ಕಾಯ್ದೆಯೇ ನಿಷೇಧಿಸಿದೆ. ಅದಕ್ಕೇ ಬಾಟಲಿ ಬಾಯಿ ಮುಚ್ಚಿಕೊಂಡಿರುತ್ತದೆ. ಮಾತಾಡೋದೆಲ್ಲ ಕಲ್ಯಾಣಮಂಟಪದ ಸಭೆಯಲ್ಲಿ, ಉಪ್ಪಿಟ್ಟು ಚಹಾ ಕೊಟ್ಟು.

ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿರುವ ಆ ಗುಡ್ಡವನ್ನ ಗಣಿಯಿಂದ ಉಳಿಸಲು ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು ಹೋರಾಡಿದರು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಗಣಿಯವರು ಅದಿರು ಕೇಳಿದ್ದರು. ಇವರು ಹೆಸರನ್ನಷ್ಟೇ ಒಯ್ದರು, ಯಾರ ಪರವಾನಗಿಯೂ ಬೇಕಾಗಲಿಲ್ಲ.

ಈಗ ಆ್ಯಂಟಿಆಕ್ಸಿಡೆಂಟ್ ವಿಷಯಕ್ಕೆ ಬರೋಣ. ಇದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಬಿಡುತ್ತದೆ. ಅದು ನಾಳವನ್ನ ಸಡಿಲಿಸಿ ಅಗಲ ಮಾಡುತ್ತದೆ, ರಕ್ತ ಹರಿಯುತ್ತದೆ. ಇದನ್ನ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ದೇಹದಲ್ಲೇ ಹುಟ್ಟುವ ಕೆಲವು ಪುಂಡ ಕಣಗಳು ಈ ಅನಿಲವನ್ನ ಹಾಳುಮಾಡುತ್ತವೆ. ಗಿಡಗಳಲ್ಲಿರುವ ಆ್ಯಂಟಿಆಕ್ಸಿಡೆಂಟ್‌ಗಳು ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಆ ಪುಂಡರನ್ನ ಹಿಡಿದು ಕೂಡಿಸುತ್ತವೆ. ಇಲ್ಲಿವರೆಗೆ ಸರಿ.

ಆದರೆ ನಮ್ಮ ಹೊಟ್ಟೆ ಗಾಜಿನ ನಳಿಕೆ ಅಲ್ಲ. ತಿಂದದ್ದರಲ್ಲಿ ಸ್ವಲ್ಪವೇ ರಕ್ತಕ್ಕೆ ಸೇರುತ್ತದೆ, ಸೇರಿದ್ದನ್ನೂ ಲಿವರ್ ರೂಪ ಬದಲಿಸಿ ಹೊರಗೆ ಕಳಿಸುತ್ತದೆ. ಯಾವ ಹಣ್ಣಿನಲ್ಲಿ ಎಷ್ಟು ಆ್ಯಂಟಿಆಕ್ಸಿಡೆಂಟ್ ಶಕ್ತಿ ಅಂತ ಅಂಕ ಕೊಡುತ್ತಿದ್ದ ಪಟ್ಟಿಯನ್ನ ಅಮೆರಿಕದ ಕೃಷಿ ಇಲಾಖೆ 2012ರಲ್ಲೇ ತೆಗೆದುಹಾಕಿತು. ಕಂಪನಿಗಳು ಆ ಅಂಕ ತೋರಿಸಿಯೇ ಜನರಿಗೆ ಟೋಪಿ ಹಾಕುತ್ತಿದ್ದವು. ಫಿನ್ಲೆಂಡ್‌ನಲ್ಲಿ 29 ಸಾವಿರ ಧೂಮಪಾನಿಗಳ ಮೇಲೆ ನಡೆದ, 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ಗುಳಿಗಿ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗಲಿಲ್ಲ, ಶೇ. 18ರಷ್ಟು ಹೆಚ್ಚಾಯಿತು. ವಿಟಮಿನ್ ಇ ಹೃದಯ ಕಾಯುತ್ತದೆ ಅನ್ನೋ ಆಸೆಯೂ 2000ದ ದೊಡ್ಡ ಪ್ರಯೋಗದಲ್ಲಿ ಮುರಿಯಿತು.

ಹಾಗಾದರೆ ತರಕಾರಿ, ಸೊಪ್ಪು, ಕಾಳು ಜಾಸ್ತಿ ತಿನ್ನುವವರ ಹೃದಯ ಚೆನ್ನಾಗಿರೋದು ಸುಳ್ಳೇ? ಅಲ್ಲ. ನಾರು, ಪೊಟ್ಯಾಸಿಯಂ, ಒಳ್ಳೆ ಎಣ್ಣೆ, ಎಲ್ಲ ಕೂಡಿ ಮಾಡುವ ಕೆಲಸ ಅದು. ರಾಜಗಿರಿ, ಪಾಲಕದಂಥ ಸೊಪ್ಪಿನಲ್ಲಿರುವ ನೈಟ್ರೇಟನ್ನ ನಮ್ಮ ನಾಲಿಗೆ ಮೇಲಿನ ಬ್ಯಾಕ್ಟೀರಿಯಾ ಬದಲಿಸಿ, ಕೊನೆಗೆ ಅದೇ ನೈಟ್ರಿಕ್ ಆಕ್ಸೈಡ್ ಆಗುತ್ತದೆ. (ದಿನಾ ಎರಡು ಸಲ ಖಾರದ ಮೌತ್‌ವಾಶ್ ಮುಕ್ಕಳಿಸುವವರು ಆ ಪಾಪದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೀರಿ, ಗೊತ್ತಿರಲಿ.) ಉಳ್ಳಾಗಡ್ಡಿಯ ಕ್ವೆರ್ಸೆಟಿನ್ ಜಾಸ್ತಿ ಇರೋದು ಹೊರಗಿನ ಪದರಗಳಲ್ಲಿ, ನಾವು ಸಿಪ್ಪೆ ಜೊತೆ ಕಿತ್ತು ಒಗೆಯುತ್ತೇವಲ್ಲ, ಅಲ್ಲೇ.

ಗದಗ ಜಿಲ್ಲೆಯ ಎರಿ ಹೊಲ ಉಳ್ಳಾಗಡ್ಡಿಗೆ ಹೆಸರಾದದ್ದು. ದರ ಬಿದ್ದ ವರ್ಷ ಕೂಲಿಯೂ ಹುಟ್ಟದೆ ರೈತರು ಅದನ್ನ ರಸ್ತೆಗೆ ಸುರಿಯುತ್ತಾರೆ. ಕಾಕಾನೂ ಒಮ್ಮೆ ಸುರಿದವನೇ. ಉಳ್ಳಾಗಡ್ಡಿ ಸುರಿದು ಬಂದ ಮನುಷ್ಯ, ಅದರಲ್ಲಿರೋದನ್ನೇ ಹೊಗಳುವ ಸಭೆಗೆ ಹೋಗಿ ಸಾವಿರದ ಇನ್ನೂರು ಎಣಿಸಿದ. ನನಗೆ ಸಿಟ್ಟು ಬರೋದು ಇಲ್ಲಿ.

ಹಾಗಂತ ರೊಟ್ಟಿ, ಉಳ್ಳಾಗಡ್ಡಿ, ಅಗಸಿ ಹಿಂಡಿ ಬಿಪಿಗೆ ಔಷಧ ಅಂತ ನಾನು ಹೇಳಿದರೆ, ನಾನೂ ಬಾಟಲಿ ಇಲ್ಲದ ಏಜೆಂಟೇ. ಕಾಕಾ ಹುಟ್ಟಿದಾಗಿನಿಂದ ಅದನ್ನೇ ತಿಂದವನು, ಆದರೂ ಅವನಿಗೆ ಬಿಪಿ ಬಂತು. ಉಪ್ಪಿನಕಾಯಿ, ಹಪ್ಪಳ, ಸಂಜೆ ಬೆಟಗೇರಿಯ ಮಿರ್ಚಿ, ಮೇಲೆ ಬೀಡಿ, ಇವೂ ಅವನ ಊಟದಲ್ಲಿದ್ದವು. ಅವನಿಗೆ ಬೇಕಿದ್ದದ್ದು ದಿನಕ್ಕೆ ಕೆಲವೇ ರೂಪಾಯಿಯ ಗುಳಿಗಿ ಮತ್ತು ಅದನ್ನ ಬಿಡಬೇಡ ಅಂತ ಹೇಳುವ ಒಬ್ಬ ಮನುಷ್ಯ.

ನಾವು ಬೆಂಗಳೂರಿನವರು ಶ್ಯಾಣ್ಯಾರೇನಲ್ಲ. ನನ್ನ ಆಫೀಸ್ ಡ್ರಾಯರ್‌ನಲ್ಲಿ ಗ್ರೀನ್ ಟೀ ಎಕ್ಸ್‌ಟ್ರಾಕ್ಟ್ ಕ್ಯಾಪ್ಸೂಲ್ ಇತ್ತು, ಪಕ್ಕದವಳ ಹತ್ತಿರ ಚಿಲಿಯಿಂದ ವಿಮಾನದಲ್ಲಿ ಬಂದ ಬ್ಲೂಬೆರಿ. ಹತ್ತು ತಾಸು ಕೂತು, ರಾತ್ರಿ ಒಂದಕ್ಕೆ ಬಿರಿಯಾನಿ ಆರ್ಡರ್ ಮಾಡಿ, ಬೆಳಿಗ್ಗೆ ಒಂದು ಕ್ಯಾಪ್ಸೂಲ್ ನುಂಗಿ ಲೆಕ್ಕ ಚುಕ್ತಾ ಅಂದುಕೊಳ್ಳುವವರು ನಾವು. ಅಪ್ಪ, ಅಮ್ಮ, ಕಾಕಾ, ಅತ್ತಿ ಫೋನ್ ಮಾಡಿ ಕೇಳೋದು ನಮ್ಮನ್ನೇ, "ನೀ ಓದಿದಾವ, ನಿನಗ ಗೊತ್ತಿರತೈತಿ" ಅಂತ. ಮ್ಯೂಟ್ ಮಾಡಿ ಉತ್ತರ ಕೊಡೋದು ನಾವೇ.

ಕಾಕಾ ಈಗ ಗೋಡೆ ಹಿಡಿದು ನಡೆಯುತ್ತಾನೆ. ಉಳ್ಳಾಗಡ್ಡಿಯನ್ನ ಬಲಗೈ ಮುಷ್ಟಿಯಿಂದ ಒಂದೇ ಏಟಿಗೆ ಒಡೆಯುತ್ತಿದ್ದವನಿಗೆ ಈಗ ಕಾಕು ರೊಟ್ಟಿ ಮುರಿದು ಕೊಡಬೇಕು. ಮಾತು ಅರ್ಧ ಮರಳಿದೆ.

ಮುಂದಿನ ತಿಂಗಳು ಮುಂಡರಗಿಯಲ್ಲಿ ಅದೇ ಜ್ಯೂಸಿನವರ ಸಭೆ ಇದೆಯಂತೆ. ರಜೆ ಹಾಕಿದ್ದೇನೆ. ಕಾಕಾನನ್ನ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತೇನೆ.