ಮರೆಯಲ್ಲಿರುವವರನ್ನು ಕರೆಯುವ ಭಾಷೆ

ಸಾರ್ವಜನಿಕ ಆರೋಗ್ಯ ಸಂಶೋಧನೆಯಲ್ಲಿ ‘ಮರೆಯ ಸಮುದಾಯ’ ಎಂಬ ಪರಿಕಲ್ಪನೆಯೊಂದು ಬಳಕೆಯಲ್ಲಿದೆ. ಯಾರ ಪಟ್ಟಿ ಎಲ್ಲಿಯೂ ದೊರೆಯುವುದಿಲ್ಲವೋ, ಯಾರು ತಾವು ಇಂಥವರೆಂದು ಹೇಳಿಕೊಂಡರೆ ಅವಮಾನಕ್ಕೋ ಶಿಕ್ಷೆಗೋ ಗುರಿಯಾಗುವರೋ ಅಂಥವರನ್ನು ಈ ಹೆಸರಿನಿಂದ ಗುರುತಿಸಲಾಗುತ್ತದೆ. ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರು, ಮಾದಕ ದ್ರವ್ಯ ಚುಚ್ಚಿಕೊಳ್ಳುವವರು, ಸಲಿಂಗ ಸಂಬಂಧವುಳ್ಳ ಪುರುಷರು ಇದರಲ್ಲಿ ಸೇರುತ್ತಾರೆ. ಮತದಾರರ ಪಟ್ಟಿಯಿಂದ ಪ್ರತಿ ಹತ್ತನೆಯ ಹೆಸರನ್ನು ಆರಿಸುವ ಕ್ರಮ ಇಲ್ಲಿ ನಡೆಯದು. ಇವರನ್ನು ಅಧ್ಯಯನಕ್ಕೆ ಕರೆತರುವುದು ಹೇಗೆಂಬುದು ವೈದ್ಯರ ಮತ್ತು ಸಂಖ್ಯಾಶಾಸ್ತ್ರಜ್ಞರ ಸಮಸ್ಯೆಯೆಂದು ಕನ್ನಡ ವಿಭಾಗಗಳಲ್ಲಿರುವ ನಾವು ಭಾವಿಸಿಕೊಂಡಿದ್ದೇವೆ. ಈ ಭಾವನೆ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದ ಸಂದರ್ಭವನ್ನೇ ನೋಡಬಹುದು. ಮದರಾಸು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರು ಪ್ರಾಧ್ಯಾಪಕಿ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ 1985-86ರಲ್ಲಿ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಮುಂಬಯಿಯಲ್ಲಿದ್ದಂತೆ ಮದರಾಸಿನಲ್ಲಿ ಗೊತ್ತಾದ ಕೇರಿಯೊಂದು ಇರಲಿಲ್ಲ. ಆದ್ದರಿಂದ ಪೊಲೀಸರು ಹಿಡಿದ ಮಹಿಳೆಯರನ್ನು ಇರಿಸುತ್ತಿದ್ದ ಸರಕಾರಿ ಗೃಹಕ್ಕೆ ಅವರು ಹೋಗಬೇಕಾಯಿತು. ವೆಲ್ಲೂರಿನಲ್ಲಿ ಪರೀಕ್ಷೆ ನಡೆದಾಗ ಆರು ಮಾದರಿಗಳಲ್ಲಿ ಸೋಂಕು ಕಂಡಿತು. ದೇಶವನ್ನು ಎಚ್ಚರಿಸಿದ ಆ ಶೋಧದ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ತಮ್ಮ ರಕ್ತವನ್ನು ಏತಕ್ಕಾಗಿ ತೆಗೆಯಲಾಗುತ್ತಿದೆ ಎಂಬುದು ಆ ಮಹಿಳೆಯರಿಗೆ ತಿಳಿದಿರಲಿಲ್ಲ. ಅವರು ಸಂಶೋಧನೆಗೆ ದೊರೆತದ್ದು ಬಂಧನದಲ್ಲಿದ್ದರು ಎಂಬ ಕಾರಣಕ್ಕೆ.

ಅನಂತರ ವಿಧಾನಗಳು ಸುಧಾರಿಸಿದವು. ಒಬ್ಬರಿಂದ ಮತ್ತೊಬ್ಬರ ಹೆಸರು ಪಡೆಯುತ್ತ ಹೋಗುವ ಕ್ರಮಕ್ಕೆ 1961ರಷ್ಟು ಹಿಂದೆಯೇ ಲಿಯೊ ಗುಡ್‌ಮನ್ ಗಣಿತದ ತಳಹದಿ ಹಾಕಿದ್ದರು. ಇದನ್ನು ‘ಹಿಮದುಂಡೆ ವಿಧಾನ’ ಎಂದು ನಮ್ಮ ಸಂಶೋಧನಾ ವಿಧಾನದ ಪುಸ್ತಕಗಳು ಕರೆಯುತ್ತವೆ; ಹಿಮವನ್ನೇ ಕಾಣದ ನಾಡಿನಲ್ಲಿ ಆ ರೂಪಕ ಯಾರ ಪ್ರಶ್ನೆಗೂ ಒಳಗಾಗದೆ ಉಳಿದಿದೆ. 1997ರಲ್ಲಿ ಡಗ್ಲಾಸ್ ಹೆಕಥಾರ್ನ್ ಎಂಬ ಸಮಾಜಶಾಸ್ತ್ರಜ್ಞ ಇದನ್ನು ತಿದ್ದಿದರು. ಅವರ ಕ್ರಮದಲ್ಲಿ ಭಾಗಿಗಳು ಗೆಳೆಯರ ಹೆಸರನ್ನು ಸಂಶೋಧಕರಿಗೆ ಹೇಳಬೇಕಾಗಿಲ್ಲ. ಬದಲಿಗೆ ಕೆಲವೇ ಚೀಟಿಗಳನ್ನು ಪಡೆದು ತಮಗೆ ಬೇಕಾದವರಿಗೆ ಕೊಡುತ್ತಾರೆ. ಬರುವುದೋ ಬಿಡುವುದೋ ಚೀಟಿ ಪಡೆದವರ ಇಚ್ಛೆ. ತಾನು ಬಂದುದಕ್ಕೆ ಒಂದು ಗೌರವಧನ, ಕರೆತಂದುದಕ್ಕೆ ಮತ್ತೊಂದು. ಈ ಎರಡನೆಯದು ಸ್ನೇಹವನ್ನು ಕೂಲಿಯಾಗಿಸುವ ಅಪಾಯವುಳ್ಳದ್ದು ಎಂಬ ಆಕ್ಷೇಪ ನನ್ನದೂ ಹೌದು. ಆದರೂ ಹೆಸರನ್ನು ಹೊರಹಾಕದಿರುವ ಈ ಎಚ್ಚರ ದೊಡ್ಡದು.

ಈ ವಿಧಾನದ ಇಡೀ ಗಣಿತ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ‘ನಿಮ್ಮಂಥವರು ನಿಮಗೆ ಎಷ್ಟು ಜನ ಗೊತ್ತು?’ ಹೆಚ್ಚು ಪರಿಚಯವುಳ್ಳವರ ಕೈಗೆ ಚೀಟಿ ತಲುಪುವ ಸಂಭವ ಹೆಚ್ಚು. ಆದ್ದರಿಂದ ಅವರ ಉತ್ತರಗಳಿಗೆ ಕಡಿಮೆ ತೂಕ ಕೊಡಲಾಗುತ್ತದೆ. ಕನ್ನಡ ಅಧ್ಯಾಪಕರಿಗೆ ಇಲ್ಲಿರುವ ತೊಡಕು ಕೂಡಲೇ ಹೊಳೆಯಬೇಕು. ಗೊತ್ತು, ಪರಿಚಯ, ಒಡನಾಟ, ಬಳಕೆ ಇವು ಒಂದೇ ಅಲ್ಲ. ಮುಖ ಕಂಡವರೂ ‘ಗೊತ್ತು’. ಹೆಸರು ಕೇಳಿದವರೂ ‘ಗೊತ್ತು’. ‘ಬಳಕೆ’ ಎಂದರೆ ಮನೆಗೆ ಹೋಗಿಬರುವ ಸಲಿಗೆ. ಒಂದು ಪದಕ್ಕೆ ಐವತ್ತು ಎಂದು ಉತ್ತರಿಸಿದವರು ಇನ್ನೊಂದಕ್ಕೆ ಐದು ಎಂದಾರು. ‘ನಿಮ್ಮಂಥವರು’ ಎಂಬುದಂತೂ ಇನ್ನೂ ಕಠಿಣ. ದೇವದಾಸಿ, ಬಸವಿ, ಜೋಗತಿ, ಲೈಂಗಿಕ ಕಾರ್ಯಕರ್ತೆ ಈ ಪದಗಳಲ್ಲಿ ಯಾವುದನ್ನು ಹೇಳಿದರೆ ಎದುರಿಗಿದ್ದವರು ತಮ್ಮನ್ನೇ ಎಂದುಕೊಳ್ಳುತ್ತಾರೆ, ಯಾವುದಕ್ಕೆ ಎದ್ದು ಹೋಗುತ್ತಾರೆ ಎಂಬುದನ್ನು ಸಂಖ್ಯಾಶಾಸ್ತ್ರ ಹೇಳಲಾರದು. ಪದ ತಪ್ಪಿದರೆ ದಶಮಾಂಶದವರೆಗೆ ಕರಾರುವಾಕ್ಕಾದ ಅಂಕಿಯೂ ತಪ್ಪೇ.

ಕೆಲವು ವರ್ಷಗಳ ಹಿಂದೆ ಆರೋಗ್ಯ ಸಮೀಕ್ಷೆಯೊಂದರ ಒಪ್ಪಿಗೆ ಪತ್ರವನ್ನು ಕನ್ನಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ‘ಯಾದೃಚ್ಛಿಕವಾಗಿ ಆಯ್ಕೆಯಾಗಿದ್ದೀರಿ’, ‘ಗೌಪ್ಯತೆಯನ್ನು ಕಾಪಾಡಲಾಗುವುದು’ ಎಂದೆಲ್ಲ ಬರೆದುಕೊಟ್ಟೆ. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ದೋಷವಿರಲಿಲ್ಲ. ಉತ್ತರ ಕರ್ನಾಟಕದ ಹಳ್ಳಿಯೊಂದರಲ್ಲಿ ಅದನ್ನು ಓದಿಸಿ ಕೇಳಿದ ಹಿರಿಯ ಮಹಿಳೆಯೊಬ್ಬರು ಒಂದೇ ಮಾತು ಕೇಳಿದರು: ‘ಈ ಹಾಳಿ ಯಾರ ಹತ್ರ ಇರತೈತ್ರಿ?’ ನನ್ನ ಎರಡು ಪುಟಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ‘ಕಾಪಾಡಲಾಗುವುದು’ ಎಂಬ ಕರ್ಮಣಿ ಪ್ರಯೋಗದಲ್ಲಿ ಕಾಪಾಡುವವರು ಯಾರೆಂಬುದೇ ಮಾಯವಾಗಿತ್ತು.

ಆಕೆಯ ಅನುಮಾನ ಅಕಾರಣವಾದುದಲ್ಲ. ಕರ್ನಾಟಕ ಸರಕಾರವು 1993-94 ಮತ್ತು 2007-08ರಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಲಾಯಿತು. ಪಿಂಚಣಿ, ಸಾಲ, ಮನೆ ಇವಕ್ಕೆಲ್ಲ ಆ ಪಟ್ಟಿಯೇ ಆಧಾರವಾಯಿತು. ಆದರೆ ಮುತ್ತು ಕಟ್ಟುವುದನ್ನು ನಿಷೇಧಿಸಿದ 1982ರ ಕಾಯಿದೆಯು ತಂದೆತಾಯಿಗಳಿಗೂ ಬಂಧುಗಳಿಗೂ ಇತರರಿಗಿಂತ ಹೆಚ್ಚಿನ ಶಿಕ್ಷೆ ವಿಧಿಸಿತ್ತು. ಕಾಯಿದೆಯ ನಂತರ ಮುತ್ತು ಕಟ್ಟಿಸಿಕೊಂಡ ಹುಡುಗಿ ತಾನು ಇಂಥವಳೆಂದು ಬರೆಸಿದರೆ ಹೆತ್ತವರ ಮೇಲೆ ಸಾಕ್ಷಿ ನುಡಿದಂತೆ. ಇಂಥ ಸ್ಥಿತಿಯಲ್ಲಿ ಪಟ್ಟಿಯ ಹೊರಗೆ ಉಳಿಯುವವರು ಯಾರು? ಎಳೆಯರು, ಆರೋಗ್ಯ ಸೇವೆ ಯಾರಿಗೆ ಮೊದಲು ತಲುಪಬೇಕೋ ಅವರೇ. ಮರೆ ಎಂಬುದು ಸಮುದಾಯದ ಸಹಜ ಗುಣವಲ್ಲ, ಕಾನೂನೂ ನೆರೆಹೊರೆಯೂ ಕೂಡಿ ಕಟ್ಟಿದ ಗೋಡೆ.

ನಮ್ಮ ಶಿಸ್ತಿನ ಕಡೆಗೂ ಒಮ್ಮೆ ತಿರುಗಬೇಕು. ಜಾನಪದ ಮತ್ತು ಅಂಚಿನ ಸಮುದಾಯಗಳ ಅಧ್ಯಯನದಲ್ಲಿ ನಾವೂ ಒಬ್ಬ ವಕ್ತೃವಿನಿಂದ ಮತ್ತೊಬ್ಬ ವಕ್ತೃವಿನ ಮನೆಗೆ ಹೋದವರೇ. ಹೋಗಿ, ಹೆಸರು, ಊರು, ಜಾತಿ, ವಯಸ್ಸು ಇವನ್ನೆಲ್ಲ ಅನುಬಂಧದಲ್ಲಿ ಅಚ್ಚು ಹಾಕಿಸಿ, ಸಾಧ್ಯವಾದರೆ ಭಾವಚಿತ್ರವನ್ನೂ ಸೇರಿಸಿ, ಅದನ್ನು ಆಕರನಿಷ್ಠೆ ಎಂದು ಕರೆದೆವು. ಹಾಡುಗಾರ್ತಿಯ ವಿಷಯದಲ್ಲಿ ಅದು ಸಲ್ಲಬೇಕಾದ ಗೌರವವೇ. ಆಕೆಯ ಹೆಸರನ್ನು ಮರೆಸಿದರೆ ಅನ್ಯಾಯ. ಮುತ್ತು ಕಟ್ಟಿಸಿಕೊಂಡವಳ, ಜೋಗಪ್ಪನ ಬದುಕಿನ ಕತೆಗೂ ಅದೇ ನಿಯಮ ಅನ್ವಯಿಸಿದ್ದು ಸರಿಯೇ? ಅವರ ಮಕ್ಕಳು ಇಂದು ಅದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಓದುತ್ತಿರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳ ಪ್ರಕಾರ ಆರೋಗ್ಯ ಸಂಶೋಧಕರು ಕ್ಷೇತ್ರಕ್ಕೆ ಇಳಿಯುವ ಮೊದಲು ನೈತಿಕ ಸಮಿತಿಯ ಮುಂದೆ ನಿಲ್ಲಬೇಕು. ನಮ್ಮ ಪಿಎಚ್.ಡಿ. ವಿದ್ಯಾರ್ಥಿಯನ್ನು ಈ ಬಗ್ಗೆ ಕೇಳುವವರು ಸಾಮಾನ್ಯವಾಗಿ ಯಾರೂ ಇಲ್ಲ. ಸಮಿತಿಗಳಿಂದ ಎಲ್ಲವೂ ಸರಿಹೋಗುತ್ತದೆಂಬ ಭ್ರಮೆ ನನಗಿಲ್ಲ. ನಾನು ಬರೆದ ಆ ಎರಡು ಪುಟಗಳಿಗೂ ಒಂದು ಸಮಿತಿಯ ಮುದ್ರೆ ಬಿದ್ದಿತ್ತು.

ಆರೋಗ್ಯ ಸಂಶೋಧಕರು ನಮ್ಮನ್ನು ಕರೆಯುವುದು ಪ್ರಶ್ನಾವಳಿ ಸಿದ್ಧವಾದ ಮೇಲೆ, ಅನುವಾದಕ್ಕಾಗಿ. ಕರೆ ಅದಕ್ಕಿಂತ ಮೊದಲೇ ಬರಬೇಕೆಂದು ಕೇಳುವ ಹಕ್ಕು ನಮಗಿದೆ. ಹಾಗೆ ಕೇಳುವವರು ತಮ್ಮ ವಿಭಾಗದ ಕಪಾಟಿನಲ್ಲಿರುವ ಹಳೆಯ ಪ್ರಬಂಧಗಳ ಅನುಬಂಧಗಳನ್ನು ಮೊದಲು ತೆರೆದು, ಅಲ್ಲಿರುವ ಹೆಸರುಗಳಲ್ಲಿ ಯಾರ ಒಪ್ಪಿಗೆ ಪಡೆದಿದ್ದೆವು ಎಂಬುದನ್ನು ನೋಡಲಿ.