ಮುಂಗಾರಿನ ತಗ್ಗುನೀರೂ ಕಪ್ಪೆಯ ಸಂತಾನವೂ

ಮಳೆ ತಡವಾದ ವರ್ಷ ಕಪ್ಪೆಗಳಿಗೆ ಮದುವೆಮಾಡಿಸಿ ವರುಣನನ್ನು ಬೇಡುವ ಪದ್ಧತಿ ಗ್ರಾಮಸ್ಥರಿಗೆ ಹೊಸದಲ್ಲ. ಆದರೆ ಮದುವೆಮಾಡಿಸುವ ನಾವೇ ಅದರ ಬಾಣಂತಿಕೋಣೆಗೆ ಮಣ್ಣು ಮುಚ್ಚುತ್ತಿರುವೆವು. ಮಟಮಾರಿಯ ಸುತ್ತಣ ಎರೆಹೊಲಗಳ ಮೂಲೆಯಲ್ಲಿ ಮೊದಲ ಮಳೆಗೆ ನೀರು ನಿಲ್ಲುವ ತಗ್ಗುಗಳನ್ನು ನಿರುಪಯುಕ್ತವೆಂದು ಬಗೆದು ಸಮಮಾಡಿಸುವ ಭೂಮಾಲಿಕರಲ್ಲಿ ನನ್ನ ಬಿನ್ನಹವಿಷ್ಟೆ: ಅವುಗಳಲ್ಲಿ ಕೆಲವನ್ನಾದರೂ ಉಳಿಸಬೇಕು.

ಕಪ್ಪೆಯ ತತ್ತಿಗೆ ಕೋಳಿಯ ತತ್ತಿಗಿರುವಂತೆ ಚಿಪ್ಪಿಲ್ಲ; ಲೋಳೆಯ ಹೊದಿಕೆಯೊಂದೇ. ನೀರು ಆರಿದರೆ ಅದೂ ಒಣಗಿತು. ಮುಂಗಾರಿನ ದೊಡ್ಡ ಮಳೆ ಬಿದ್ದೊಡನೆ ಗೂಳಿಯಂತೆ ಗುಟುರುಹಾಕುವ ದೊಡ್ಡ ಕಪ್ಪೆಯ ಗಂಡುಗಳು ಅರಿಸಿನದ ಬಣ್ಣ ತಾಳಿ, ಕೊರಳ ಇಕ್ಕೆಲದ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುವುದನ್ನು ತಾವು ಕಂಡಿರಬಹುದು. ಗಂಡು ಹೆಣ್ಣಿನ ಬೆನ್ನೇರಿ ತಬ್ಬಿಕೊಳ್ಳುವುದು. ಹೆಣ್ಣು ಸಾವಿರಾರು ತತ್ತಿಗಳನ್ನು ನೀರಿಗೆ ಬಿಡುವಾಗಲೇ ಗಂಡು ಅವುಗಳ ಮೇಲೆ ವೀರ್ಯವನ್ನು ಸುರಿಸುವುದು. ಫಲೀಕರಣವೆಲ್ಲ ದೇಹದ ಹೊರಗೆ. ಒಂದೆರಡು ದಿನಗಳಲ್ಲಿ ಗೊದಮೊಟ್ಟೆಗಳು ಹೊರಬಿದ್ದು ಮೀನಿನಂತೆ ಕಿವಿರುಗಳಿಂದ ಉಸಿರಾಡುವುವು. ಬಳಿಕ ಹಿಂಗಾಲು, ಆಮೇಲೆ ಮುಂಗಾಲು. ಕಡೆಗೆ ಬಾಲವು ಕರಗುವುದು. ಇಷ್ಟಕ್ಕೆ ಸುಮಾರು ಒಂದು ತಿಂಗಳಾದರೂ ನೀರು ನಿಂತಿರಬೇಕು.

ಎಲ್ಲ ಜಾತಿಗಳ ರೀತಿಯೂ ಒಂದೇ ಅಲ್ಲ. 2014ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಉತ್ತರ ಕನ್ನಡದ ಕುಂಬಾರ ಕಪ್ಪೆಯ ಗಂಡು ಮುಂಗಾಲುಗಳಿಂದ ಕೆಸರು ಬಾಚಿ ತತ್ತಿಗಳಿಗೆ ಮೆತ್ತುವುದು. ಪೂರ್ವ ಹಿಮಾಲಯದಲ್ಲಿರುವ, ಬಾಲವುಳ್ಳ ಸಾಲಮಾಂಡರ್ ಜಾತಿಯಲ್ಲಿ ಗಂಡು ಬಿಟ್ಟ ವೀರ್ಯದ ಗಂಟನ್ನು ಹೆಣ್ಣು ತನ್ನೊಳಕ್ಕೆ ತೆಗೆದುಕೊಳ್ಳುವುದು. ನಮ್ಮ ಹೊಲದ ಕಪ್ಪೆಗೆ ಇಂತಹ ಯಾವ ಕಾವಲೂ ಇಲ್ಲ. ತತ್ತಿಗಳ ಸಂಖ್ಯೆ, ನಿಂತ ನೀರು, ಇವೆರಡೇ ಅದರ ಬಲ.

ಕಾಲುವೆಯ ನೀರಿದೆಯಲ್ಲ, ಕೃಷಿಹೊಂಡವಿದೆಯಲ್ಲ ಎಂದು ಕೆಲವರು ಕೇಳುವರು. ಕಾಲುವೆಯಲ್ಲಿ ಮೀನುಗಳಿವೆ, ತತ್ತಿಯನ್ನೂ ಮರಿಯನ್ನೂ ನುಂಗುವುವು. ಬೇಸಗೆಯಲ್ಲಿ ಒಣಗುವ ತಗ್ಗಿನಲ್ಲಿ ಮೀನು ನೆಲೆಸಲಾರದು. ಅದು ಒಣಗುವುದೇ ಅದರ ಗುಣ. ಪ್ಲಾಸ್ಟಿಕ್ ಹಾಸಿದ ಹೊಂಡದ ದಂಡೆಯಂತೂ ಕಡಿದು, ಜಾರುವಂತಹುದು. ಬಿದ್ದ ಕಪ್ಪೆಗಳು ಮೇಲೇರಲಾರದೆ ಸಾಯುವುವು. ಒಂದು ಮೂಲೆಯಲ್ಲಿ ಗೋಣಿತಟ್ಟನ್ನೋ ನಾರಿನ ಹಗ್ಗವನ್ನೋ ನೀರಿನವರೆಗೆ ಇಳಿಬಿಟ್ಟರೆ ಸಾಕು. ಖರ್ಚು ಏನೂ ಇಲ್ಲ.

ಇದಕ್ಕಿಂತ ಕೆಟ್ಟ ರೂಢಿಯೊಂದಿದೆ. ಹತ್ತಿಗೆ ಔಷಧ ಹೊಡೆದ ಪಂಪನ್ನು ಹತ್ತಿರದ ತಗ್ಗಿನಲ್ಲಿಯೇ ತೊಳೆಯುವುದು. ಗೊದಮೊಟ್ಟೆಯ ಚರ್ಮವೂ ಕಿವಿರೂ ಬಹಳ ತೆಳುವು. ವಿಷವು ನೇರವಾಗಿ ಒಳಸೇರುವುದು. ದನಗಳೂ ಅದೇ ನೀರನ್ನು ಕುಡಿಯುವುವೆಂಬುದನ್ನು ಬೇರೆ ಹೇಳಬೇಕೆ?

ಕಪ್ಪೆಯಿದ್ದಮಾತ್ರಕ್ಕೆ ಔಷಧದ ಖರ್ಚು ಪೂರ್ತಿ ಉಳಿಯುವುದೆಂದು ನಾನು ಹೇಳೆನು. ಕಾಯಿಯೊಳಗಿನ ಗುಲಾಬಿ ಹುಳುವನ್ನು ಅದು ಮುಟ್ಟಲಾರದು. ಉಪಕಾರಿ ಕೀಟಗಳನ್ನೂ ತಿನ್ನುವುದು. ಆದರೂ ನೆಲದ ಮೇಲೆ ಹರಿದಾಡುವ ಜೀರುಂಡೆ, ಮಿಡತೆ, ಹುಳುಗಳನ್ನು ರಾತ್ರಿಯೆಲ್ಲ ಕೂಲಿಯಿಲ್ಲದೆ ಹಿಡಿಯುವ ಆಳು ಬೇರೆ ಯಾವುದಿದೆ? ಕಪ್ಪೆಯ ಕಾಲುಗಳನ್ನು ಪರದೇಶಗಳಿಗೆ ಕಳುಹಿಸುವ ವ್ಯಾಪಾರವನ್ನು ಭಾರತ ಸರ್ಕಾರವು 1987ರಲ್ಲಿ ನಿಷೇಧಿಸಿತು. ತಗ್ಗುಗಳನ್ನು ಮುಚ್ಚಬಾರದೆಂಬ ಆಜ್ಞೆಯನ್ನು ಮಾತ್ರ ಆಯಾ ಹೊಲದ ಯಜಮಾನನೇ ಹೊರಡಿಸಬೇಕು.

ಬದುಗಳ ಕೆಲಸ ಬೇಸಗೆಯಲ್ಲಿಯೇ ನಡೆಯುವುದರಿಂದ, ಟ್ರ್ಯಾಕ್ಟರ್ ಇಳಿಯುವ ಮೊದಲೇ ಉಳಿಸಬೇಕಾದ ತಗ್ಗಿನ ಸುತ್ತ ನಾಲ್ಕು ಕಲ್ಲುಗಳನ್ನು ನೆಡಿಸಿ, ಚಾಲಕನಿಗೆ ತೋರಿಸಿಡತಕ್ಕದ್ದು.